ತಲೆನೋವಿನ ಬೇರು ಬೆನ್ನಿನಲ್ಲಿ

ತಲೆ ಸಿಡಿದುಹೋಗುವಂಥ ನೋವು, ವಾಂತಿ, ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಕುತ್ತಿಗೆಯ ಸೆಡೆತ. ಈ ಮೂರೂ ಒಮ್ಮೆಲೇ ಬಂದೆರಗಿದವರನ್ನು ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದರೂ ವೈದ್ಯರಿಗೆ ಮೊದಲು ಹೊಳೆಯುವುದು ಮಿದುಳಿನ ಸುತ್ತಣ ರಕ್ತಸ್ರಾವ. ಆ ಅನುಮಾನ ಸರಿಯಾದದ್ದೇ. ಪೆಟ್ಟು ಬೀಳದೆ ತಾನಾಗಿ ಆಗುವ ಇಂಥ ರಕ್ತಸ್ರಾವಗಳಲ್ಲಿ ಸುಮಾರು ಶೇ 85ರಷ್ಟಕ್ಕೆ ಮಿದುಳಿನ ರಕ್ತನಾಳವೊಂದರ ಗೋಡೆ ಉಬ್ಬಿ ಒಡೆದದ್ದೇ ಕಾರಣ. ಹಾಗಾಗಿ ತಲೆಯ ಸಿ.ಟಿ. ಆಗುತ್ತದೆ, ಆಂಜಿಯೋಗ್ರಾಂ ಆಗುತ್ತದೆ. ಕೆಲವರಲ್ಲಿ ಎಷ್ಟು ಹುಡುಕಿದರೂ ಒಡೆದ ಜಾಗ ಸಿಗುವುದಿಲ್ಲ. ಅವರಲ್ಲಿ ಬಹಳ ಮಂದಿ ತೊಂದರೆಯಿಲ್ಲದೆ ಚೇತರಿಸಿಕೊಳ್ಳುತ್ತಾರೆ. ಆದರೆ ಒಂದು ಚಿಕ್ಕ ಗುಂಪಿದೆ. ಒಟ್ಟು ಲೆಕ್ಕದಲ್ಲಿ ಶೇ 1ಕ್ಕಿಂತಲೂ ಕಡಿಮೆ. ಇವರಲ್ಲಿ ರಕ್ತದ ಮೂಲ ತಲೆಯಲ್ಲೇ ಇರುವುದಿಲ್ಲ. ನೆತ್ತರು ಸೋರಿದ್ದು ಬೆನ್ನುಮೂಳೆಯ ಒಳಗೆ. ತಲೆಗೆ ಅದು ಆಮೇಲೆ ಏರಿದ್ದು. ಸೋರಿಕೆಗೆ ಕೆಲವೊಮ್ಮೆ ಬೆನ್ನುಹುರಿಯ ರಕ್ತನಾಳಗಳ ದೋಷ ಕಾರಣ, ಕೆಲವೊಮ್ಮೆ ಯಾರ ಗಮನಕ್ಕೂ ಬಾರದೆ ವರ್ಷಗಟ್ಟಲೆ ಅಲ್ಲಿ ಬೆಳೆಯುತ್ತಿದ್ದ ಗಡ್ಡೆ.

ಇಷ್ಟು ಅಪರೂಪದ ಸಂಗತಿಯನ್ನು ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ನೆಲದಲ್ಲಿಟ್ಟು ಬರೆಯಲು ಕಾರಣವಿದೆ. ಅಲ್ಲಿನವರಿಗೆ ಈ ಗಡ್ಡೆ ಹೆಚ್ಚಾಗಿ ಬರುತ್ತದೆ ಎಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ನೂಲಿನ ಗಿರಣಿ, ಕೈಮಗ್ಗ, ವಿದ್ಯುತ್ ಮಗ್ಗ, ಬನಿಯನ್ ಕಂಪನಿಗಳನ್ನೇ ನೆಚ್ಚಿ ಬದುಕುವ ಆ ಸೀಮೆಯಲ್ಲಿ ಬೆನ್ನುನೋವನ್ನು ಕಾಯಿಲೆ ಎಂದು ಎಣಿಸುವವರು ಕಡಿಮೆ. ಮಗ್ಗದಲ್ಲಿ ಕೂರುವವರಿಗೆ ಸೊಂಟ ಹಿಡಿದುಕೊಳ್ಳದೆ ಇನ್ನೇನಾಗುತ್ತದೆ ಎನ್ನುವ ಮಾತು ಮನೆಯವರ ಬಾಯಲ್ಲೂ ಇದೆ, ಎಷ್ಟೋ ವೇಳೆ ಕ್ಲಿನಿಕ್ಕಿನ ಬಾಯಲ್ಲೂ ಇದೆ. ನೂರರಲ್ಲಿ ತೊಂಬತ್ತೊಂಬತ್ತು ಸಲ ಆ ಮಾತು ನಿಜ. ಉಳಿದ ಆ ಒಂದು ಸಲದ ಬಗ್ಗೆ ನನಗೆ ಕಳವಳ. ನೋವು ಎಲ್ಲರಿಗೂ ಇರುವ ಕಡೆ, ಬೇರೆ ಬಗೆಯ ನೋವೊಂದು ಎಲ್ಲರ ನೋವಿನ ಮರೆಯಲ್ಲಿ ಕೂತುಬಿಡುತ್ತದೆ.

ಈ ಮಗ್ಗದ ಮನೆಗಳಲ್ಲಿ ಕನ್ನಡವೂ ಇದೆ. ತಲೆಮಾರುಗಳ ಹಿಂದೆ ಕನ್ನಡ ಸೀಮೆಯಿಂದ ಇಳಿದುಬಂದ ದೇವಾಂಗದವರು ಕೊಯಮತ್ತೂರು ಪೇಟೆಯಲ್ಲಿ, ಮೇಟ್ಟುಪಾಳ್ಯದ ಬಳಿಯ ಸಿರುಮುಗೈಯಂಥ ನೇಕಾರರ ಊರುಗಳಲ್ಲಿ ನೆಲೆ ನಿಂತಿದ್ದಾರೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು; ಓದು ಬರಹವೆಲ್ಲ ತಮಿಳಿನಲ್ಲೇ. ಚೌಡೇಶ್ವರಿಗೆ ನಡೆದುಕೊಳ್ಳುವ ಈ ಮನೆಗಳಲ್ಲಿ ರೇಷ್ಮೆ ಸೀರೆಯ ಮಗ್ಗ ಇನ್ನೂ ಬಡಿಯುತ್ತಿದೆ. ಗುಂಡಿ ಮಗ್ಗದಲ್ಲಿ ನೇಕಾರ ಕೂರುವ ಭಂಗಿಯನ್ನು ಒಮ್ಮೆ ಗಮನವಿಟ್ಟು ನೋಡಿ. ನೆಲಮಟ್ಟದ ಅಂಚಿನ ಮೇಲೆ ಕುಂಡಿ ಊರಿ ಎರಡೂ ಕಾಲನ್ನು ಗುಂಡಿಗೆ ಇಳಿಬಿಟ್ಟಿರುತ್ತಾನೆ. ಕಾಲು ಕೆಳಗಿನ ಮೆಟ್ಟುಗಳನ್ನು ಒಂದಾದ ಮೇಲೊಂದು ಒತ್ತುತ್ತದೆ. ಒಂದು ಕೈ ಹಗ್ಗ ಎಳೆದು ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಹೊಕ್ಕು ನೂಲನ್ನು ಬಡಿದು ಕೂರಿಸುತ್ತದೆ. ಬೆನ್ನಿಗೆ ಒರಗು ಇಲ್ಲ. ಲಾಳಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಸೊಂಟ ಒಂದು ಸಲ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ. ದಿನಕ್ಕೆ ಸಾವಿರಾರು ಸಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಓವರ್‌ಲಾಕ್ ಮಷಿನ್ ಮುಂದೆ ಒಂದೂವರೆ ಶಿಫ್ಟ್ ಕೂತವರ, ಚೆಕಿಂಗ್ ಟೇಬಲ್ ಮುಂದೆ ಅಷ್ಟೂ ಹೊತ್ತು ನಿಂತವರ ಪಾಡು ಬೇರೆ ಬಗೆಯದು, ಆದರೆ ನೋವಿನ ಜಾಗ ಅದೇ.

ಗಡ್ಡೆಯೂ ಅದೇ ಜಾಗದಲ್ಲಿ ಹುಟ್ಟಬಹುದು. ಬೆನ್ನುಹುರಿ ಬೆನ್ನುಮೂಳೆಯ ಕೊನೆಯವರೆಗೂ ಹೋಗುವುದಿಲ್ಲ. ವಯಸ್ಕರಲ್ಲಿ ಅದು ಸೊಂಟದ ಮೊದಲ, ಎರಡನೆಯ ಮೂಳೆಗಳ ಮಟ್ಟಕ್ಕೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕಾಲಿಗೆ, ಮೂತ್ರಕೋಶಕ್ಕೆ, ಗುದಕ್ಕೆ ಹೋಗುವ ನರಗಳ ಕಂತೆ. ನಡುವೆ ಹುರಿಯ ತುದಿಯನ್ನು ಬುಡದ ಮೂಳೆಗೆ ಕಟ್ಟಿಹಾಕಿದ ಒಂದು ತೆಳು ಎಳೆ. ಹುರಿ, ನರ, ಎಳೆ ಎಲ್ಲವೂ ಪೊರೆಯ ಚೀಲವೊಂದರೊಳಗೆ ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತವೆ. ಮಿದುಳಿನಲ್ಲಿ ದಿನಕ್ಕೆ ಅರ್ಧ ಲೀಟರಿನಷ್ಟು ಹುಟ್ಟುವ ಈ ದ್ರವ ಯಾವುದೇ ಗಳಿಗೆಯಲ್ಲಿ ಒಟ್ಟು 150 ಮಿಲಿಲೀಟರ್ ಮಾತ್ರ ಇರುತ್ತದೆ. ಉಳಿದದ್ದನ್ನು ರಕ್ತ ಹೀರಿಕೊಳ್ಳುತ್ತಲೇ ಇರುತ್ತದೆ. ತಲೆಯ ದ್ರವ ಬೇರೆ, ಸೊಂಟದ ದ್ರವ ಬೇರೆ ಅಲ್ಲ. ನಡುವೆ ಬಾಗಿಲಿಲ್ಲ. ಸೊಂಟದ ಚೀಲದಲ್ಲಿ ಸೋರಿದ ರಕ್ತ ಕೆಲವು ತಾಸುಗಳಲ್ಲಿ ಮಿದುಳಿನ ಪೊರೆಯನ್ನು ಮುಟ್ಟಿ ಉರಿಸಬಲ್ಲದು ಎಂಬುದಕ್ಕೆ ಇಷ್ಟೇ ಕಾರಣ.

ಇಂಥ ರಕ್ತಸ್ರಾವಕ್ಕೆ ಹೆಸರುವಾಸಿಯಾದ ಗಡ್ಡೆ ಎಪೆಂಡಿಮೋಮ. ಅದರಲ್ಲೂ ಹುರಿಯ ತುದಿಯ ಆ ತೆಳು ಎಳೆಯಲ್ಲಿ ಹುಟ್ಟುವ, ಮಿಕ್ಸೋಪ್ಯಾಪಿಲರಿ ಎಂಬ ಉದ್ದ ಹೆಸರಿನ ಬಗೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ರೋಗಶಾಸ್ತ್ರಜ್ಞ ಜೇಮ್ಸ್ ಕರ್ನೊಹಾನ್ 1932ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೂವತ್ತು, ನಲವತ್ತರ ಪ್ರಾಯದಲ್ಲಿ, ಅಂದರೆ ಮನೆಯ ದುಡಿಮೆಯೆಲ್ಲ ಹೆಗಲ ಮೇಲಿರುವಾಗ; ಹೆಂಗಸರಿಗಿಂತ ಗಂಡಸರಲ್ಲಿ ತುಸು ಜಾಸ್ತಿ. ನಿಧಾನವಾಗಿ ಬೆಳೆಯುತ್ತದೆ. ಒಳಗೆ ತಾಟಿನುಂಗಿನ ತಿರುಳಿನಂತೆ ಲೋಳೆಲೋಳೆ, ಆ ಲೋಳೆಯ ನಡುವೆ ತೆಳುಗೋಡೆಯ ರಕ್ತನಾಳಗಳು. ಸೊಂಟ ಬಾಗಿದಾಗ, ಎದ್ದಾಗ, ಭಾರ ಎತ್ತಿದಾಗ ನರಗಳ ಕಂತೆ ಮೇಲೆ ಕೆಳಗೆ ಜರುಗುತ್ತದೆ. ಅದಕ್ಕೆ ಅಂಟಿಕೊಂಡ ಗಡ್ಡೆಯೂ ಎಳೆದಾಡುತ್ತದೆ. ಹೀಗೆ ಎಳೆದಾಡಿ ನಾಳವೊಂದು ಹರಿಯುತ್ತದೆ ಎಂಬುದು ಬಹಳ ತಜ್ಞರು ಒಪ್ಪುವ ವಿವರಣೆ. ನರದ ಹೊದಿಕೆಯಲ್ಲಿ ಹುಟ್ಟುವ ಶ್ವಾನೋಮಾದ ದಾರಿ ಬೇರೆ. ಅದರೊಳಗಿನ ನಾಳಗಳು ಗಟ್ಟಿಯಾಗಿ ಕಟ್ಟಿಕೊಂಡು, ಗಡ್ಡೆಯ ನಡುಭಾಗಕ್ಕೆ ರಕ್ತ ಸಿಗದೆ ಕೊಳೆತು, ಆ ಕೊಳೆತ ಜಾಗದಲ್ಲಿ ಸ್ರಾವವಾಗುತ್ತದೆ. ರಕ್ತನಾಳಗಳಿಂದಲೇ ಮಾಡಿದಂತಿರುವ ಹೀಮ್ಯಾಂಜಿಯೋಬ್ಲಾಸ್ಟೋಮ, ಕ್ಯಾವರ್ನೋಮಾಗಳೂ ಈ ಕೆಲಸ ಮಾಡುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ ಅಪಾಯ ಹೆಚ್ಚು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಮಗ್ಗದ ಕೆಲಸದಿಂದಾಗಲಿ ಹೊಲಿಗೆ ಮಷಿನ್ನಿನಿಂದಾಗಲಿ ಈ ಗಡ್ಡೆ ಹುಟ್ಟುತ್ತದೆ ಎನ್ನಲು ಆಧಾರವಿಲ್ಲ. ಸೊಂಟ ನೋಯುವ ನೇಕಾರರೆಲ್ಲ ಇದನ್ನು ಓದಿ ರಾತ್ರಿ ನಿದ್ದೆಗೆಡಬೇಕಾಗಿಲ್ಲ.

ಆದರೆ ನಿದ್ದೆಯ ವಿಷಯವೇ ಇಲ್ಲಿ ಮುಖ್ಯ. ದುಡಿಮೆಯಿಂದ ಬಂದ ಬೆನ್ನುನೋವು ದುಡಿಯುವಾಗ ಹೆಚ್ಚಿ, ಮಲಗಿದಾಗ ಇಳಿಯುತ್ತದೆ. ಭಾನುವಾರ ಮಗ್ಗಕ್ಕೆ ರಜೆ ಕೊಟ್ಟರೆ ಸೋಮವಾರ ಬೆಳಿಗ್ಗೆ ಬೆನ್ನು ಹಗುರ. ಸೊಂಟದ ಚೀಲದ ಗಡ್ಡೆಯ ನೋವು ಎಷ್ಟೋ ಸಲ ಇದಕ್ಕೆ ತಿರುಗುಮುರುಗು. ಹಗಲು ಓಡಾಡಿಕೊಂಡಿರುವಾಗ ಸಹಿಸಬಹುದು. ಮಲಗಿ ಒಂದೆರಡು ತಾಸು ಕಳೆಯುವಷ್ಟರಲ್ಲಿ ಎಬ್ಬಿಸುತ್ತದೆ. ಎದ್ದು ಓಡಾಡಿದರೆ ಕೊಂಚ ಆರಾಮ. ಹೀಗಾಗಿ ಕುರ್ಚಿಯಲ್ಲಿ ಕೂತೇ, ಗೋಡೆಗೆ ಒರಗಿಯೇ ನಿದ್ದೆ ಮಾಡುವ ಅಭ್ಯಾಸ ಮಾಡಿಕೊಂಡವರಿದ್ದಾರೆ ಎಂದು ಹಳೆಯ ನರರೋಗ ಪುಸ್ತಕಗಳೇ ಹೇಳುತ್ತವೆ. ಕೆಮ್ಮಿದರೆ, ಸೀನಿದರೆ, ಮುಕ್ಕಿದರೆ ನೋವು ಕಾಲಿಗೆ ಮಿಂಚು ಹೊಡೆದಂತೆ ಇಳಿಯುತ್ತದೆ. ಎರಡೂ ಕಾಲಿಗೆ ಇಳಿದರೆ ಇನ್ನಷ್ಟು ಎಚ್ಚರ ಬೇಕು. ಡಿಸ್ಕ್ ತೊಂದರೆ ಸಾಮಾನ್ಯವಾಗಿ ಒಂದೇ ಕಾಲನ್ನು ಹಿಡಿಯುತ್ತದೆ. ಈ ಹಂತದಲ್ಲಿ ಮೆಡಿಕಲ್ ಶಾಪಿನ ನೋವಿನ ಮಾತ್ರೆ, ಎಣ್ಣೆ ತಿಕ್ಕುವುದು, ಉಳುಕು ತೆಗೆಯುವುದು ಎಲ್ಲ ಆಗಿರುತ್ತದೆ. ವಾಯು ಎಂದವರಿರುತ್ತಾರೆ, ಉಷ್ಣ ಎಂದವರಿರುತ್ತಾರೆ. ಸೊಂಟದ ಎಕ್ಸ್‌ರೇ ತೆಗೆಸಿದರೆ ಮೂಳೆ ಸರಿಯಿದೆ ಎಂದು ಬರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಚೀಲದೊಳಗಿನ ಮೆತ್ತನೆಯ ಗಡ್ಡೆ ಕಾಣುವುದಿಲ್ಲ. ಸರಿಯಿದೆ ಎಂಬ ಆ ಒಂದು ಮಾತು ಎಷ್ಟು ವರ್ಷ ನುಂಗಿಹಾಕುತ್ತದೋ ಹೇಳಲಾಗದು.

ಆಮೇಲೆ ಒಂದು ದಿನ ಗಡ್ಡೆ ಸೋರುತ್ತದೆ. ಫ್ರಾನ್ಸಿನ ಮಿಶೋಂ 1928ರಲ್ಲಿ ಬೆನ್ನುಮೂಳೆಯೊಳಗಿನ ಈ ರಕ್ತಸ್ರಾವದ ನೋವನ್ನು ಬೆನ್ನಿಗೆ ಕಠಾರಿ ಇರಿದಂತೆ ಎಂದು ಬರೆದರು. ಇಂದಿಗೂ ವೈದ್ಯಕೀಯ ಬರಹಗಳಲ್ಲಿ ಆ ಮಾತು ಹಾಗೇ ಉಳಿದಿದೆ. ಇರಿತ ಮೊದಲು ಬೆನ್ನಿನಲ್ಲಿ. ಅಲ್ಲಿಂದ ತೊಡೆಗೆ, ಮೀನಖಂಡಕ್ಕೆ. ಆಮೇಲೆ, ಕೆಲವರಲ್ಲಿ ನಿಮಿಷಗಳ ಬಳಿಕ, ಕೆಲವರಲ್ಲಿ ಗಂಟೆಗಳ ಬಳಿಕ, ರಕ್ತ ಮೇಲೇರಿದಾಗ ತಲೆನೋವು, ವಾಂತಿ, ಕುತ್ತಿಗೆಯ ಸೆಡೆತ. ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ಅಮೆರಿಕದ ಅಟ್ಲಾಂಟಾದ ನರಶಸ್ತ್ರತಜ್ಞ ಎಡ್ಗರ್ ಫಿಂಚರ್ 1951ರಲ್ಲಿ, ಸೊಂಟದ ಚೀಲದ ಗಡ್ಡೆಗಳು ಹೀಗೆ ತಲೆಯ ರಕ್ತಸ್ರಾವದ ವೇಷದಲ್ಲಿ ಬರುತ್ತವೆ ಎಂದು ಲಕ್ಷಣಗಳನ್ನೆಲ್ಲ ಕೂಡಿಸಿ ತೋರಿಸಿಕೊಟ್ಟರು. ಈ ಲಕ್ಷಣಕೂಟಕ್ಕೆ ಅವರದೇ ಹೆಸರು ಅಂಟಿದೆ. ಫಿಂಚರ್ ಕೊಟ್ಟ ಮುಖ್ಯ ಸುಳಿವು ಯಾವ ಯಂತ್ರವನ್ನೂ ಬೇಡುವುದಿಲ್ಲ: ನೋವು ಮೊದಲು ಶುರುವಾದದ್ದು ಎಲ್ಲಿ?

ರೋಗಿಯ ಕಡೆಯವರು ಆಸ್ಪತ್ರೆಯಲ್ಲಿ ಇದನ್ನು ಹೇಳುವುದಿಲ್ಲ. ಹೇಳದಿರುವುದು ಸಹಜವೂ ಹೌದು. ತಡರಾತ್ರಿ 108 ಗಾಡಿಯಲ್ಲಿ ತಂದಿರುತ್ತಾರೆ. ಮನುಷ್ಯ ತಲೆ ಹಿಡಿದುಕೊಂಡು ನರಳುತ್ತಿದ್ದಾನೆ, ವಾಂತಿ ಮಾಡುತ್ತಿದ್ದಾನೆ. ಏನಾಯಿತು ಎಂದು ಕೇಳಿದರೆ ಹೆಂಡತಿಯೋ ತಮ್ಮನೋ ತಲೆನೋವು, ವಾಂತಿ ಎಂದೇ ಹೇಳುತ್ತಾರೆ. ಸಂಜೆ ಮಗ್ಗದಿಂದ ಏಳುವಾಗ ಬೆನ್ನು ಹಿಡಿದು ಕೂಗಿಕೊಂಡದ್ದು, ಎರಡು ವರ್ಷದಿಂದ ಗೋಡೆಗೆ ಒರಗಿ ಮಲಗುತ್ತಿದ್ದದ್ದು, ಈಚೆಗೆ ಮೂತ್ರಕ್ಕೆ ಹೋದರೆ ಬಹಳ ಹೊತ್ತು ಕಾಯಬೇಕಾಗುತ್ತಿದ್ದದ್ದು, ಇವೆಲ್ಲ ಅವರ ಲೆಕ್ಕದಲ್ಲಿ ಬೇರೆ ಖಾತೆ. ಬೆನ್ನುನೋವು ಇದ್ದದ್ದೇ, ಅದನ್ನೇನು ಹೇಳುವುದು ಎಂಬ ಭಾವನೆ. ಕೇಳುವವರಿಗೂ ತುರ್ತು. ಹೆಂಡತಿಯ ಮನೆಮಾತು ಕನ್ನಡವಾಗಿದ್ದು, ನೋವಿನ ಬಗೆಯನ್ನು ತಮಿಳಿನಲ್ಲಿ ಬಿಡಿಸಿ ಹೇಳಲು ಆ ಗಾಬರಿಯಲ್ಲಿ ಅವಳಿಗೆ ತೋಚದಿದ್ದರೆ ಇನ್ನೂ ಕಷ್ಟ. ನನ್ನ ಮಟ್ಟಿಗೆ ಇಡೀ ಕಾಯಿಲೆಯಲ್ಲಿ ತಪ್ಪು ನುಸುಳುವ ಜಾಗ ಇದು. ಯಾರೂ ಬೇಕೆಂದು ಮಾಡಿದ ತಪ್ಪಲ್ಲ. ಆದರೆ ನೋವಿನ ಸರದಿಯೊಂದು ಕಳೆದುಹೋದರೆ ವೈದ್ಯರು ತಲೆಯೊಳಗೇ ಹುಡುಕುತ್ತಿರುತ್ತಾರೆ, ಗಡ್ಡೆ ಕೆಳಗೆ ಕೂತಿರುತ್ತದೆ.

ಬೆನ್ನಿನಿಂದ ನೀರು ತೆಗೆಯುವುದು ಎಂದು ಜನ ಅಂಜಿಕೆಯಿಂದ ಹೇಳುವ ಪರೀಕ್ಷೆ ಇಲ್ಲಿ ಬರುತ್ತದೆ. ಜರ್ಮನಿಯ ಹೈನ್ರಿಚ್ ಕ್ವಿಂಕೆ 1891ರಲ್ಲಿ ಇದನ್ನು ಚಿಕಿತ್ಸೆಯ ಬಳಕೆಗೆ ತಂದರು. ವಿಧಾನ ಇವತ್ತಿಗೂ ಹೆಚ್ಚುಕಡಿಮೆ ಅದೇ. ರೋಗಿಯನ್ನು ಮಗ್ಗುಲಾಗಿ, ಮಂಡಿ ಹೊಟ್ಟೆಗೆ ತಾಗುವಂತೆ ಮುದುರಿಸಿ ಮಲಗಿಸುತ್ತಾರೆ. ಸೊಂಟದ ಮೂರನೆಯ ಮತ್ತು ನಾಲ್ಕನೆಯ ಮೂಳೆಗಳ ನಡುವೆಯೋ ಅದರ ಕೆಳಗಿನ ಸಂದಿನಲ್ಲೋ ಸೂಜಿ ಒಳಗೆ ಹೋಗುತ್ತದೆ. ದ್ರವ ತೊಟ್ಟು ತೊಟ್ಟಾಗಿ ಬೀಳುವುದನ್ನು ಮೂರು ನಾಲ್ಕು ಸಣ್ಣ ಸೀಸೆಗಳಲ್ಲಿ ಒಂದಾದ ಮೇಲೊಂದರಂತೆ ಹಿಡಿದು ಮೇಲೆ ಸಂಖ್ಯೆ ಬರೆಯುತ್ತಾರೆ. ಸಂಖ್ಯೆ ಸುಮ್ಮನೆ ಬರೆಯುವುದಲ್ಲ. ಸೂಜಿಯೇ ದಾರಿಯ ನಾಳವೊಂದನ್ನು ಗೀರಿದ್ದರೆ ಮೊದಲ ಸೀಸೆ ಕೆಂಪಾಗಿದ್ದು ಕೊನೆಯದು ತಿಳಿಯಾಗುತ್ತದೆ. ಒಳಗೇ ಸ್ರಾವವಾಗಿದ್ದರೆ ಎಲ್ಲ ಸೀಸೆಗಳೂ ಒಂದೇ ಬಣ್ಣ. ಸೀಸೆಯನ್ನು ಯಂತ್ರದಲ್ಲಿ ತಿರುಗಿಸಿ ರಕ್ತಕಣಗಳನ್ನು ತಳಕ್ಕಿಳಿಸಿದಾಗ ಮೇಲೆ ನಿಲ್ಲುವ ನೀರು ಹಳದಿಯಾಗಿದ್ದರೆ ರಕ್ತ ಅಲ್ಲಿಗೆ ಬಂದು ಅರ್ಧ ದಿನವಾದರೂ ಆಗಿದೆ ಎಂದು ಅರ್ಥ. ಕೆಂಪುಕಣಗಳು ಒಡೆದು, ಕಾಮಾಲೆಯಲ್ಲಿ ಕಣ್ಣನ್ನು ಹಳದಿ ಮಾಡುವ ಅದೇ ಬಿಲಿರುಬಿನ್ ಆಗಿ ಮಾರ್ಪಡಲು ಸುಮಾರು 12 ತಾಸು ಬೇಕು. ಎರಡು ವಾರದ ತನಕ ಆ ಹಳದಿ ನಿಲ್ಲುತ್ತದೆ.

ಸೊಂಟದ ಗಡ್ಡೆ ಇರುವವರಲ್ಲಿ ಇದೇ ಸೂಜಿ ಗಡ್ಡೆಯನ್ನೇ ಚುಚ್ಚಿಬಿಡಬಹುದು. ಕೆಲವೊಮ್ಮೆ ಏನೂ ಬರುವುದಿಲ್ಲ. ಕೆಲವೊಮ್ಮೆ ದ್ರವ ದಟ್ಟ ಹಳದಿಯಾಗಿದ್ದು, ಸೀಸೆಯಲ್ಲಿ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಮೇಲಿನ ದ್ರವದ ಹರಿವನ್ನು ಗಡ್ಡೆ ತಡೆದು ನಿಲ್ಲಿಸಿದೆ ಎಂದು ಆ ಹೆಪ್ಪು ಸಾರಿ ಹೇಳುತ್ತದೆ. ಫ್ರಾನ್ಸಿನ ಜಾರ್ಜ್ ಫ್ರೋಯಿನ್ ಇದನ್ನು ಗುರುತಿಸಿದ್ದು 1903ರಲ್ಲಿ. ತಡೆಯ ಕೆಳಗಿನಿಂದ ದ್ರವ ತೆಗೆದಾಗ ಒತ್ತಡ ಏರುಪೇರಾಗಿ ಕಾಲಿನ ಬಲ ಇನ್ನಷ್ಟು ಕುಗ್ಗಿದ ಉದಾಹರಣೆಗಳೂ ಇವೆ. ಆದುದರಿಂದ ಬೆನ್ನುನೋವಿನ ಹಿನ್ನೆಲೆ ಗೊತ್ತಾದರೆ ವೈದ್ಯರು ಸೂಜಿಗೆ ಮೊದಲು ಬೆನ್ನಿನ ಎಂ.ಆರ್.ಐ. ಮಾಡಿಸಲು ನೋಡುತ್ತಾರೆ. ಅದು ಗೊತ್ತಾಗುವುದು ಮನೆಯವರು ಹೇಳಿದರೆ ಮಾತ್ರ.

ಹೆರಿಗೆಯ ಸಿಸೇರಿಯನ್‌ಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದಲೇ ಜೀವಮಾನವಿಡೀ ಬೆನ್ನುನೋವು ಉಳಿಯಿತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬಹುಪಾಲು ಅದಕ್ಕೆ ಆಧಾರವಿಲ್ಲ. ಆದರೆ ಯಾರಿಗೂ ತಿಳಿಯದೆ ಅಲ್ಲಿದ್ದ ಗಡ್ಡೆಯೊಂದು ಬೆನ್ನಿನ ಅರಿವಳಿಕೆಯ ಬಳಿಕ ಸೋರಿ ಕಾಲು ಸೋತ ಬೆರಳೆಣಿಕೆಯ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅರಿವಳಿಕೆ ಇಳಿಯಬೇಕಾದ ಹೊತ್ತು ಮೀರಿಯೂ ಕಾಲಿಗೆ ಶಕ್ತಿ ಬಾರದಿದ್ದರೆ, ಸ್ವಲ್ಪ ತಡವಾಗಿ ಸರಿಹೋಗುತ್ತದೆ ಎಂದು ಕಾಯಬಾರದು.

ಇನ್ನು ಈ ಕಾಯಿಲೆಯ ಇನ್ನೊಂದು ಮುಖ. ನನ್ನ ಕಣ್ಣಿಗೆ ಇದೇ ಹೆಚ್ಚು ಘೋರ. ಒಮ್ಮೆಲೇ ಧುಮ್ಮಿಕ್ಕದೆ ಗಡ್ಡೆ ವರ್ಷಗಟ್ಟಲೆ ಚೂರುಚೂರೇ ಜಿನುಗುತ್ತಿದ್ದರೆ ಕಠಾರಿಯ ಇರಿತವಿಲ್ಲ, 108 ಗಾಡಿಯಿಲ್ಲ, ತುರ್ತು ವಿಭಾಗವಿಲ್ಲ. ರಕ್ತದ ಕಬ್ಬಿಣ ದ್ರವದ ಜೊತೆ ತಲೆಗೆ ಹೋಗಿ ಮಿದುಳಿನ, ಹುರಿಯ ಮೇಲ್ಮೈಯಲ್ಲಿ ಪದರ ಪದರವಾಗಿ ಕೂರುತ್ತದೆ. ವೈದ್ಯರು ಇದನ್ನು ಸೂಪರ್ಫಿಷಿಯಲ್ ಸಿಡೆರೋಸಿಸ್ ಎನ್ನುತ್ತಾರೆ. ಕಿರುಮಿದುಳು ಮತ್ತು ಕಿವಿಯ ನರ ಇದಕ್ಕೆ ಮೊದಲ ಬಲಿ. ಕಿವಿಯ ನರ ದ್ರವದ ನಡುವೆ ಬಹುದೂರ ಸಾಗುತ್ತದೆ, ಅದರ ರಕ್ಷಾಕೋಶಗಳೂ ಕಬ್ಬಿಣವನ್ನು ಬೇಗ ಹೀರುವಂಥವು. ನಿಧಾನವಾಗಿ ಎರಡೂ ಕಿವಿ ಮಂದವಾಗುತ್ತವೆ. ಆಮೇಲೆ ನಡಿಗೆ ತಪ್ಪುತ್ತದೆ. ಕಾಲು ಅಗಲಿಸಿ ತೂರಾಡುತ್ತ ನಡೆಯಬೇಕಾಗುತ್ತದೆ. ಕೆಲವರಿಗೆ ವಾಸನೆಯೂ ತಿಳಿಯದಾಗುತ್ತದೆ. ಹೀಗೆ ಜಿನುಗುವ ಮೂಲಗಳಲ್ಲಿ ಸೊಂಟದ ಎಪೆಂಡಿಮೋಮವೂ ಒಂದೆಂದು ಚೆನ್ನಾಗಿ ಗೊತ್ತಿದೆ.

ಇದನ್ನು ಸೋಮನೂರು, ಪಲ್ಲಡಂ ಸುತ್ತಿನ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿಟ್ಟು ನೋಡಿ. ತಗಡಿನ ಛಾವಣಿಯಡಿ ಸಾಲಾಗಿ ಮಗ್ಗಗಳು. ಪಕ್ಕದವರು ಕೂಗಿದರೂ ಕೇಳಿಸದಷ್ಟು, 90 ಡೆಸಿಬಲ್ ದಾಟುವ ಗದ್ದಲ. ಜಾಬ್ ವರ್ಕಿನ ಮೇಲೆ ಹಗಲು ರಾತ್ರಿ ಓಡುವ ಈ ಶೆಡ್ಡುಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದವರಿಗೆ ಕಿವಿ ಮಂದವಾಗುವುದು ಮಾಮೂಲು. ಅಲ್ಲಿನ ಒಬ್ಬರಿಗೆ ಈ ಗಡ್ಡೆ ಇದ್ದರೆ? ಬೆನ್ನುನೋವಿಗೆ ಮಗ್ಗ ಕಾರಣ, ಕಿವುಡಿಗೂ ಮಗ್ಗ ಕಾರಣ. ತೂರಾಡುವ ನಡಿಗೆಗೆ ಕುಡಿತ ಕಾರಣ ಎಂದು ಊರು ತೀರ್ಮಾನಿಸಿಬಿಡುತ್ತದೆ, ಆತ ಗ್ಲಾಸು ಮುಟ್ಟದವನಾದರೂ. ಮೂರು ಲಕ್ಷಣಕ್ಕೂ ಸಿದ್ಧ ಉತ್ತರ ಊರಲ್ಲೇ ಸಿಗುವುದರಿಂದ ಒಳಗಿನ ನಿಜವಾದ ಕಾರಣಕ್ಕೆ ಕೈ ಹಾಕುವವರು ಯಾರು? ಇಂಥವರನ್ನು ಬೇರ್ಪಡಿಸಿ ತೋರಿಸುವುದು ನಡಿಗೆ. ಗದ್ದಲ ಕಿವಿ ಕೆಡಿಸಬಹುದು, ಮಗ್ಗ ಸೊಂಟ ಕೆಡಿಸಬಹುದು. ಕತ್ತಲಲ್ಲಿ, ಕಣ್ಣು ಮುಚ್ಚಿ ಮುಖ ತೊಳೆಯುವಾಗ ಓಲಾಡಿ ಬೀಳುವಂತೆ ಮಾಡುವುದು ಇವೆರಡರ ಕೆಲಸವಲ್ಲ. ಕಬ್ಬಿಣ ಎದ್ದು ಕಾಣುವಂಥ ವಿಶೇಷ ಎಂ.ಆರ್.ಐ. ಚಿತ್ರಗಳಲ್ಲಿ ಮಿದುಳಿನ ಅಂಚಿಗೆ ಕಾಡಿಗೆ ತೀಡಿದ ಹಾಗೆ ಕಪ್ಪುಗೆರೆ ಮೂಡುತ್ತದೆ. ಆ ಗೆರೆ ಕಂಡ ಮೇಲೆ ಬೆನ್ನಿನ ಉದ್ದಕ್ಕೂ ಸ್ಕ್ಯಾನ್ ಮಾಡಿ ಮೂಲ ಹುಡುಕಲೇಬೇಕು. ಮೂಲ ಕಿತ್ತರೆ ಜಿನುಗುವುದು ನಿಲ್ಲುತ್ತದೆ. ಹೋದ ಕಿವಿ ಮಾತ್ರ ಮರಳಿ ಬರುವುದು ವಿರಳ.

ಗಡ್ಡೆಯನ್ನು ತೆಗೆಯಬಹುದು ಎಂಬ ಧೈರ್ಯ ವೈದ್ಯಕ್ಕೆ ಬಂದದ್ದು 1887ರ ಜೂನ್ 9ರಂದು, ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ. ಕ್ಯಾಪ್ಟನ್ ಗಿಲ್ಬಿ ಎಂಬವರಿಗೆ 1884ರಿಂದ ಹೆಗಲ ಮೂಳೆಯ ಕೆಳಗೆ ನೋವು. ಎಷ್ಟೋ ವೈದ್ಯರನ್ನು ಕಂಡರು, ಎಷ್ಟೋ ಹೆಸರಿನ ಕಾಯಿಲೆಗಳ ಪಟ್ಟ ಸಿಕ್ಕಿತು. ಕೊನೆಗೆ ಎರಡೂ ಕಾಲು ಬಿದ್ದುಹೋದವು, ಮೂತ್ರ ನಿಂತಿತು. ಎಕ್ಸ್‌ರೇ ಇನ್ನೂ ಹುಟ್ಟಿರದ ಕಾಲ ಅದು. ನರವೈದ್ಯ ವಿಲಿಯಂ ಗವರ್ಸ್ ನೋವಿನ ಕಥೆ ಕೇಳಿ, ಚರ್ಮದ ಮೇಲೆ ಸ್ಪರ್ಶ ಎಲ್ಲಿ ತಪ್ಪುತ್ತದೆ ಎಂದು ಮುಟ್ಟಿ ಮುಟ್ಟಿ ನೋಡಿ, ಗಡ್ಡೆ ಇರಬೇಕಾದ ಮಟ್ಟವನ್ನು ಹೇಳಿದರು. ಶಸ್ತ್ರತಜ್ಞ ವಿಕ್ಟರ್ ಹೋರ್ಸ್‌ಲಿ ಬೆನ್ನುಮೂಳೆ ತೆರೆದರು. ಗಡ್ಡೆ ಕಾಣಲಿಲ್ಲ. ಅಲ್ಲಿಗೇ ಮುಚ್ಚಿಬಿಡಬಹುದಿತ್ತು. ಇನ್ನೂ ಮೇಲಿನ ಮೂಳೆ ತೆಗೆದಾಗ ಹುರಿಯನ್ನು ಒತ್ತಿ ಕೂತಿದ್ದ ಗಡ್ಡೆ ಸಿಕ್ಕಿತು. ವರ್ಷ ತುಂಬುವ ಮೊದಲೇ ಗಿಲ್ಬಿ ನಿಂತು ನಡೆದಾಡುತ್ತ ದಿನಕ್ಕೆ 16 ತಾಸು ಕೆಲಸ ಮಾಡುತ್ತಿದ್ದೇನೆ ಎಂದು ವರದಿ ಕೊಡುವಂತಾದರು. ಗಿಲ್ಬಿಯವರದ್ದು ರಕ್ತ ಸೋರಿದ ಗಡ್ಡೆಯಲ್ಲ. ಆದರೂ ಈ ಕಥೆ ಇಲ್ಲಿ ಬೇಕು. ಅಂದು ಗವರ್ಸ್ ಕೈಯಲ್ಲಿದ್ದ ಸಾಧನ ರೋಗಿಯ ಮಾತು ಮತ್ತು ತಮ್ಮ ಬೆರಳು, ಎರಡೇ.

ನಮ್ಮ ದೇಶದ ಮೊದಲ ನರಶಸ್ತ್ರ ವಿಭಾಗ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಜೇಕಬ್ ಚಾಂಡಿ ಅವರಿಂದ 1949ರಲ್ಲಿ ಶುರುವಾಯಿತು. ಮರುವರ್ಷ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ ಡಾ. ಬಿ. ರಾಮಮೂರ್ತಿ ಕೆಲಸ ಆರಂಭಿಸಿದರು. ಕೊಯಮತ್ತೂರು ಸೀಮೆಯ ರೋಗಿ ಆಗ ಕಾಲು ಬಿದ್ದ ಸ್ಥಿತಿಯಲ್ಲಿ ಇಡೀ ರಾತ್ರಿ ರೈಲಿನಲ್ಲಿ ಮಲಗಿ ಹೋಗಬೇಕಿತ್ತು. ಇಂದು ಅದೇ ಕೊಯಮತ್ತೂರಿಗೆ ಕೇರಳದಿಂದ, ನೀಲಗಿರಿಯಿಂದ, ಚಾಮರಾಜನಗರದ ಕಡೆಯಿಂದ ಜನ ಬೆನ್ನಿನ ಚಿಕಿತ್ಸೆಗೆ ಬರುತ್ತಾರೆ. 1966ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ಪೀಳಮೇಡಿನ ಪಿ.ಎಸ್.ಜಿ., ಕೆ.ಎಂ.ಸಿ.ಎಚ್., ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಹೊರದೇಶಗಳಲ್ಲೂ ಹೆಸರಾದ ಗಂಗಾ ಆಸ್ಪತ್ರೆ ಎಲ್ಲ ಒಂದೇ ನಗರದಲ್ಲಿವೆ. ಗಿರಣಿ, ಬನಿಯನ್ ಕಂಪನಿಗಳ ಕಾರ್ಮಿಕರಿಗೆ ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆಯಿದೆ. 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರಿಗೆ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ. ಬಡ ಕುಟುಂಬಗಳಿಗೆ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯೂ ಇದೆ. ತಮಿಳುನಾಡು ಈ ವಿಷಯದಲ್ಲಿ ಮಾಡಿರುವ ಕೆಲಸ ದೊಡ್ಡದು. ಹೊಗಳಲು ನನಗೆ ಸಂಕೋಚವಿಲ್ಲ. ಈಗ ಕೊರತೆ ಇರುವುದು ಸ್ಕ್ಯಾನ್ ಯಂತ್ರದ್ದಲ್ಲ. ಬೆನ್ನುನೋವಿನಿಂದ ಆ ಯಂತ್ರದವರೆಗಿನ ದಾರಿಯದ್ದು. ಸ್ಕ್ಯಾನಿಗೆಂದು ಒಂದು ದಿನದ ಕೂಲಿ ಬಿಡಬೇಕಾದವರು ಇವತ್ತು ಬೇಡ, ದೀಪಾವಳಿ ಆರ್ಡರ್ ಮುಗಿಯಲಿ ಎನ್ನುತ್ತಾರೆ. ಆ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವ ಹಕ್ಕು ನನಗಿಲ್ಲ. ಆದರೆ ಕೆಲವು ಲಕ್ಷಣಗಳಿಗೆ ದೀಪಾವಳಿಯ ತನಕ ಗಡುವಿಲ್ಲ. ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಕುಳಿತರೆ ನೆಲಕ್ಕೆ ತಾಗುವ ಭಾಗವೆಲ್ಲ ಜೋಮು ಹಿಡಿಯುವುದು, ಕಾಲಿನ ಹಿಡಿತ ಸಡಿಲವಾಗಿ ಚಪ್ಪಲಿ ಜಾರುವುದು ಕಂಡರೆ ಅದೇ ದಿನ ಹೊರಡಬೇಕು. ನರಗಳ ಕಂತೆ ಒತ್ತಡದಲ್ಲಿ ಸಿಕ್ಕಿಕೊಂಡ ಮೇಲೆ ಕಳೆಯುವ ಒಂದೊಂದು ಗಂಟೆಗೂ ಬೆಲೆಯಿದೆ. 48 ತಾಸು ಮೀರಿದರೆ ಮೂತ್ರದ ಹಿಡಿತ ಮರಳುವ ಆಸೆ ಬಹಳ ಇಳಿದುಹೋಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಎಪೆಂಡಿಮೋಮವನ್ನು ಆದಷ್ಟೂ ಪೊರೆ ಹರಿಯದ ಹಾಗೆ ಇಡಿಯಾಗಿ ತೆಗೆಯಬೇಕು. ಸೂಕ್ಷ್ಮದರ್ಶಕದ ಕೆಳಗೆ ನರಗಳನ್ನು ಒಂದೊಂದಾಗಿ ಗಡ್ಡೆಯಿಂದ ಬಿಡಿಸುತ್ತಾರೆ. ಯಾವ ಎಳೆ ನರ, ಯಾವುದು ಬರಿಯ ದಾರ ಎಂದು ವಿದ್ಯುತ್ತಿನ ಸಣ್ಣ ಸ್ಪರ್ಶದಿಂದ ಪರೀಕ್ಷಿಸುತ್ತಾರೆ. ನರವಾದರೆ ಕಾಲಿನ ಸ್ನಾಯು ಅದುರುತ್ತದೆ. ಗಡ್ಡೆಯ ಮೇಲೆ ಕೆಳಗೆ ಆ ತೆಳು ಎಳೆಯನ್ನು ಕತ್ತರಿಸಿ ಎತ್ತುತ್ತಾರೆ. ಇಡಿಯಾಗಿ ಬಂದವರಲ್ಲಿ ಫಲಿತಾಂಶ ಚೆನ್ನಾಗಿದೆ. ಬಹುಪಾಲು ಜನ ದಶಕಗಟ್ಟಲೆ ಬದುಕುತ್ತಾರೆ, ಕೆಲಸಕ್ಕೂ ಮರಳುತ್ತಾರೆ. ಲೋಳೆ ಒಡೆದು ಚೂರುಚೂರಾಗಿ ತೆಗೆಯಬೇಕಾಗಿ ಬಂದವರಿಗೆ ಅನೇಕ ಸಲ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಮೊದಲು ಇದನ್ನು ಮೊದಲ ದರ್ಜೆಯ ಸಾಧು ಗಡ್ಡೆ ಎಂದೇ ಎಣಿಸುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2021ರ ವರ್ಗೀಕರಣದಲ್ಲಿ ಎರಡನೆಯ ದರ್ಜೆಗೆ ಏರಿಸಿದೆ, ಏಕೆಂದರೆ ಸಾಧು ಎನಿಸಿಕೊಂಡರೂ ಇದು ಮರಳಿ ಬರುತ್ತದೆ. ಬಂದರೆ ಇದ್ದಲ್ಲೇ ಬರಬೇಕೆಂದಿಲ್ಲ. ರಕ್ತ ಏರಿದ ದ್ರವದ ದಾರಿಯಲ್ಲೇ ಅದರ ಕಣಗಳೂ ಏರಿ ಬೆನ್ನಿನ ಇನ್ನೊಂದು ಮಟ್ಟದಲ್ಲಿ, ವಿರಳವಾಗಿ ತಲೆಯಲ್ಲೂ ನೆಲೆಯೂರುತ್ತವೆ. ಹಾಗಾಗಿ ಆಪರೇಷನ್ ಆದವರಿಗೆ ಸೊಂಟದ್ದಷ್ಟೇ ಅಲ್ಲದೆ ಇಡೀ ಬೆನ್ನಿನ ಎಂ.ಆರ್.ಐ.ಯನ್ನು ಮೊದಲ ಕೆಲವು ವರ್ಷ ತಪ್ಪದೆ, ಆಮೇಲೆ ಬಿಡುವು ಹೆಚ್ಚಿಸುತ್ತ ಮಾಡಿಸಲು ಹೇಳುತ್ತಾರೆ. ಹತ್ತು ವರ್ಷ ಕಳೆದ ಮೇಲೆ ಮರಳಿ ಬಂದವರೂ ಇದ್ದಾರೆ. ಹಳೆಯ ಫಿಲ್ಮು, ಸಿ.ಡಿ., ಬಯಾಪ್ಸಿ ವರದಿಯನ್ನು ರೇಷನ್ ಕಾರ್ಡಿನ ಜೊತೆ ಒಂದೇ ಚೀಲದಲ್ಲಿಟ್ಟು ಕಾಪಾಡಿಕೊಳ್ಳಬೇಕು. ಮುಂದೆ ನೋಡುವ ವೈದ್ಯರು ಹೊಸ ಚಿತ್ರವನ್ನು ಹೋಲಿಸಿ ನೋಡುವುದು ಅವುಗಳ ಜೊತೆಗೇ.